ತನ್ನಲ್ಲಿ ದಯೆ ಸ್ವಾರ್ಥವೇ?

ಪರರಲ್ಲಿ ದಯೆಯಿರಬೇಕೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ತನ್ನಲ್ಲಿಯೇ ದಯೆ ತೋರುವುದೆಂದರೆ ಮಾತ್ರ, ಅದು ಆಲಸ್ಯಕ್ಕೆ ನೆಪವಲ್ಲವೇ, ಸ್ವಾರ್ಥವಲ್ಲವೇ ಎಂಬ ಶಂಕೆ ಏಳುತ್ತದೆ.

ಮಹಾರಾಷ್ಟ್ರದ ಇಗತ್ಪುರಿಯಲ್ಲಿ 1976ರಿಂದ ನಡೆದುಬಂದಿರುವ ವಿಪಶ್ಯನಾ ಶಿಬಿರದ ಕ್ರಮವನ್ನು ನೋಡೋಣ. ಹತ್ತು ದಿನಗಳ ವಾಸ, ಬೆಳಗಿನ 4 ಗಂಟೆಗೆ ಏಳಬೇಕು, ಮಾತಿಲ್ಲ. ಮೊದಲ ಮೂರು ದಿನ ಉಸಿರನ್ನಷ್ಟೇ ಗಮನಿಸುವುದು, ನಾಲ್ಕನೆಯ ದಿನದಿಂದ ದೇಹದ ಸಂವೇದನೆಗಳನ್ನು. ಮನಸ್ಸು ಓಡಿಹೋದರೆ ತನ್ನನ್ನು ನಿಂದಿಸಿಕೊಳ್ಳದೆ ಅದನ್ನು ಮರಳಿ ತರಬೇಕು. ನಿಂದಿಸುತ್ತ ಕುಳಿತರೆ ಆ ನಿಂದೆಯೇ ಮತ್ತೊಂದು ಅಲೆದಾಟವಾಗುವುದಷ್ಟೆ! ಮೈತ್ರೀಭಾವನೆಯ ಪಾಠ ಬರುವುದು ಹತ್ತನೆಯ ದಿನ. ಇಷ್ಟು ಶ್ರಮದೊಡನೆ ಕಲಿಯುವ ದಯೆಯನ್ನು ಆಲಸ್ಯವೆನ್ನಲಾಗದು.

ಇನ್ನು ಸ್ವಾರ್ಥದ ಮಾತು. ತನ್ನ ಒಂದು ಚ್ಯುತಿಯನ್ನೂ ಸಹಿಸದವನು ಹೆಂಡತಿ ಮಕ್ಕಳ ಚ್ಯುತಿಯನ್ನು ಸಹಿಸುವನೆಂದು ನಂಬುವುದು ನಮಗೆ ಕಷ್ಟ. ಬುದ್ಧಘೋಷನ ‘ವಿಸುದ್ಧಿಮಗ್ಗ’ವೂ ಮೈತ್ರಿಯನ್ನು ತನ್ನಿಂದಲೇ ಆರಂಭಿಸಹೇಳುತ್ತದೆ. ಅಲ್ಲಿ ತಾನು ಗುರಿಯಲ್ಲ, ಸಾಕ್ಷಿ. ತನಗೆ ಸುಖ ಬೇಕಾದಂತೆ ಇತರರಿಗೂ ಬೇಕೆಂದು ತಿಳಿಯಲು ಸಮೀಪದ ಪ್ರಮಾಣ. ತನ್ನೊಬ್ಬನಲ್ಲಿಯೇ ನೂರು ವರ್ಷ ಮೈತ್ರಿಯನ್ನು ಭಾವಿಸಿದರೂ ಮನಸ್ಸು ಸಮಾಧಿಗೆ ಏರದೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಪೂಜ್ಯರು, ಪ್ರಿಯರು, ಉದಾಸೀನರು, ಕೊನೆಗೆ ವೈರಿ, ಹೀಗೆ ಅದು ಮುಂದುವರಿಯಬೇಕು.