ಯಂತ್ರದೆದುರು ಮಾಡಿದ ಮೋಸ ಮೋಸವೇ?

ನಮ್ಮ ನೀತಿಪಾಠಗಳೆಲ್ಲ ಇಬ್ಬರು ಮನುಷ್ಯರನ್ನು ಎದುರುಬದುರು ನಿಲ್ಲಿಸಿಕೊಂಡೇ ಮಾತಾಡುತ್ತವೆ. ತೂಕದಲ್ಲಿ ಮೋಸ ಮಾಡಬಾರದು ಎಂದಾಗ ತಕ್ಕಡಿಯ ಆಚೆ ಒಬ್ಬ ಗಿರಾಕಿ ಇರುತ್ತಾನೆ. ಮಾತಿಗೆ ತಪ್ಪಬಾರದು ಎಂದಾಗ ಆ ಮಾತನ್ನು ನಂಬಿ ಕುಳಿತವನೊಬ್ಬ ಇರುತ್ತಾನೆ. ಅಮಾನತ್ತು ಎಂದರೆ ಅದನ್ನು ಒಪ್ಪಿಸಿದ ಒಡೆಯ ಇದ್ದೇ ಇದ್ದಾನೆ. ಮೋಸದಿಂದ ಒಬ್ಬರಿಗೆ ನಷ್ಟವಾಗುತ್ತದೆ, ಆದ್ದರಿಂದ ಅದು ಕೆಟ್ಟದ್ದು ಎಂಬ ತರ್ಕವನ್ನು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಆದರೆ ಆಚೆ ಬದಿಯಲ್ಲಿ ಯಾರೂ ಇಲ್ಲದಿದ್ದರೆ? ನಷ್ಟಪಡುವವನಿಲ್ಲ, ನೋಯುವವನಿಲ್ಲ, ದೂರು ಹೇಳುವವನೂ ಇಲ್ಲ ಎಂದಾದರೆ ಮೋಸ ಮೋಸವಾಗಿಯೇ ಉಳಿಯುತ್ತದೆಯೇ?

ಇದು ಪಂಡಿತರು ಹೊತ್ತು ಕಳೆಯಲು ಹೆಣೆದ ಪ್ರಶ್ನೆಯಲ್ಲ. ನಮ್ಮ ಮನೆಗಳ ಹುಡುಗ ಹುಡುಗಿಯರು ದಿನವೂ ಇಂಥ ಎದುರಾಳಿಯ ಮುಂದೆ ಕುಳಿತಿರುತ್ತಾರೆ. ಕಣ್ಣು ಹಾಳು, ಸಮಯ ಹಾಳು ಎಂದು ಹಿರಿಯರು ಗದರಿ ಸುಮ್ಮನಾಗುತ್ತಾರೆ. ಆಟದ ಒಳಗೆ ನಡೆಯುವ ನೈತಿಕ ವ್ಯವಹಾರವನ್ನು ಬಗ್ಗಿ ನೋಡುವವರು ಕಡಿಮೆ. ವೀಡಿಯೊ ಆಟಗಳ ಒಳಗಿನ ಒಂದೆರಡು ಇಸ್ಪೀಟಿನಂಥ ಆಟಗಳನ್ನು ಎತ್ತಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಜಪಾನಿನ ಸ್ಕ್ವೇರ್ ಕಂಪೆನಿ 1999ರಲ್ಲಿ ಪ್ಲೇಸ್ಟೇಷನ್‌ಗಾಗಿ 'ಫೈನಲ್ ಫ್ಯಾಂಟಸಿ 8' ಎಂಬ ಆಟವನ್ನು ಹೊರತಂದಿತು. ಅದು ಯುದ್ಧ, ಪ್ರೇಮ, ಮಾಟಗಾತಿಯರ ದೊಡ್ಡ ಕಥೆ. ಆ ಕಥೆಯೊಳಗೆ ಉಪಕಥೆಯಂತೆ 'ಟ್ರಿಪಲ್ ಟ್ರಯಡ್' ಎಂಬ ಎಲೆಯಾಟವಿದೆ. ದಾರಿಯಲ್ಲಿ ಸಿಗುವ ಹಲವರನ್ನು ಅದಕ್ಕೆ ಕರೆಯಬಹುದು. ಅವರೆಲ್ಲ ಕಂಪ್ಯೂಟರಿನ ಮುಖವಾಡಗಳೇ. ಹಲಗೆಯಲ್ಲಿ ಮೂರು ಸಾಲು ಮೂರು ಕಂಬ, ಒಟ್ಟು 9 ಮನೆಗಳು. ಒಬ್ಬೊಬ್ಬರ ಕೈಯಲ್ಲಿ 5 ಎಲೆಗಳು. ಎಲೆಯ ನಾಲ್ಕು ಬದಿಗೆ ನಾಲ್ಕು ಅಂಕೆ. 1ರಿಂದ 9, ಅದಕ್ಕೂ ಮೇಲೆ 'ಎ'. ನಮ್ಮ ಎಲೆಯನ್ನು ಎದುರಾಳಿಯ ಎಲೆಯ ಪಕ್ಕ ಇಟ್ಟಾಗ, ತಾಗುವ ಬದಿಯಲ್ಲಿ ನಮ್ಮ ಅಂಕೆ ದೊಡ್ಡದಿದ್ದರೆ ಅವನ ಎಲೆ ನಮ್ಮ ಬಣ್ಣಕ್ಕೆ ತಿರುಗುತ್ತದೆ. ಮನೆಗಳೆಲ್ಲ ತುಂಬಿದಾಗ ಯಾರ ಬಣ್ಣ ಹೆಚ್ಚೋ ಅವರಿಗೆ ಗೆಲುವು. ಆಡದೆ ಕೈಯಲ್ಲುಳಿದ ಎಲೆಯೂ ಲೆಕ್ಕಕ್ಕೆ ಸೇರುತ್ತದೆ.

ಮಗುವೂ ಕಲಿಯಬಹುದಾದ ಆಟ. ಆದರೆ ಯೋಚನೆಗೆ ಎಡೆಯಿದೆ. ಹೆಚ್ಚಿನ ಎಲೆಗಳು ಎರಡು ಬದಿಯಲ್ಲಿ ಬಲವಾಗಿದ್ದರೆ ಇನ್ನೆರಡು ಬದಿಯಲ್ಲಿ ಬಡವಾಗಿರುತ್ತವೆ. ಜಾಣ ಆಟಗಾರ ಅಂಥ ಎಲೆಯನ್ನು ಮೂಲೆಗೆ ಇಟ್ಟು ಬಡ ಬದಿಗಳನ್ನು ಗೋಡೆಗೆ ಒರಗಿಸುತ್ತಾನೆ. ಮೊದಲು ಆಡುವವನಿಗೆ ಕೊನೆಯ ನಡೆಯೂ ಸಿಗುತ್ತದೆ. ಆ ಅವಕಾಶ ಯಾರಿಗೆಂಬುದನ್ನು ಅದೃಷ್ಟ ತೀರ್ಮಾನಿಸುತ್ತದೆ. ಎರಡನೆಯವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಪಾಡಿಕೊಂಡು ಆಡಬೇಕು.

ಆರಂಭದಲ್ಲಿ ಇಬ್ಬರ ಎಲೆಗಳೂ ತೆರೆದೇ ಇರುತ್ತವೆ. ಮುಂದಿನ ಪ್ರಾಂತ್ಯಗಳಿಗೆ ಹೋದಂತೆ ನಿಯಮಗಳು ಬದಲಾಗುತ್ತವೆ. ಆಟಗಾರರು ಬಹಳ ಅಂಜುವುದು 'ರ್‍ಯಾಂಡಮ್' ಎಂಬ ನಿಯಮಕ್ಕೆ. ಅದು ಜಾರಿಯಲ್ಲಿದ್ದರೆ ನಮ್ಮ 5 ಎಲೆಗಳನ್ನು ನಾವು ಆರಿಸುವಂತಿಲ್ಲ. ಸಂಗ್ರಹದಿಂದ ಯಾವುದೋ ಐದನ್ನು ಯಂತ್ರವೇ ಎತ್ತಿ ಕೈಗಿಡುತ್ತದೆ. ಸೋತವನು ಎಲೆ ಕಳೆದುಕೊಳ್ಳುವುದಕ್ಕೂ ನಿಯಮಗಳಿವೆ: ಒಂದು ಕಡೆ ಗೆದ್ದವನು ಒಂದೇ ಎಲೆ ಒಯ್ಯುತ್ತಾನೆ, ಇನ್ನೊಂದು ಕಡೆ ಗೆಲುವಿನ ಅಂತರದಷ್ಟು, ಮತ್ತೊಂದು ಕಡೆ ಐದನ್ನೂ ಬಾಚಿಕೊಳ್ಳುತ್ತಾನೆ. ಆಟದಲ್ಲಿರುವ 110 ಬಗೆಯ ಎಲೆಗಳಲ್ಲಿ ಅಪರೂಪದವು ಒಂದೊಂದೇ ಪ್ರತಿ. ವಾರಗಟ್ಟಲೆ ಶ್ರಮದಿಂದ ಗಳಿಸಿದ ಎಲೆ ಒಂದು ಕೆಟ್ಟ ಬಾಜಿಯಲ್ಲಿ ಕೈಬಿಡಬಹುದು.

ಇಲ್ಲೇ ನಮ್ಮ ಪ್ರಶ್ನೆ ಹುಟ್ಟುವುದು. ಆಡುವ ಮುನ್ನ ಆಟವನ್ನು ಸೇವ್ ಮಾಡಿಟ್ಟುಕೊಳ್ಳಬಹುದು. ಸೋತರೆ ಗುಂಡಿ ಒತ್ತಿ ಯಂತ್ರವನ್ನು ಮತ್ತೆ ಆರಂಭಿಸಿ ಆ ಹಿಂದಿನ ಗಳಿಗೆಗೆ ಮರಳಬಹುದು. ಸೋಲು ನಡೆದೇ ಇಲ್ಲ. ಎಲೆ ಕೈಯಲ್ಲೇ ಇದೆ. ಹೀಗೆ ಹತ್ತು ಸಲ ಸೋತು ಹನ್ನೊಂದನೆಯ ಸಲ ಗೆದ್ದರೆ ಉಳಿಯುವ ದಾಖಲೆ ಹನ್ನೊಂದನೆಯದು ಮಾತ್ರ. ಎದುರಾಳಿಗೆ ಹಿಂದಿನ ಹತ್ತರ ನೆನಪಿಲ್ಲ. ಎದುರಾಳಿ ಎಂಬುವನೇ ಇಲ್ಲ.

ತಪ್ಪೇನು ಎಂದು ಹುಡುಗನೊಬ್ಬ ಕೇಳಿದರೆ ಅವನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಯಂತ್ರಕ್ಕೆ ಹಕ್ಕಿಲ್ಲ, ಹಸಿವಿಲ್ಲ, ಮಾನ ಅವಮಾನವಿಲ್ಲ. ಸೇವ್ ಮಾಡುವ ಸೌಕರ್ಯವನ್ನು ಕೊಟ್ಟವರು ಆಟ ಮಾಡಿದವರೇ. ಇಷ್ಟಾದ ಮೇಲೆ ಅನ್ಯಾಯ ಯಾರಿಗೆ?

ಈ ವಾದಕ್ಕೆ ಉತ್ತರ ಹುಡುಕುವ ಮೊದಲು ಯಂತ್ರದ ನಿಜವಾದ ಶಕ್ತಿ ಎಷ್ಟೆಂದು ತಿಳಿಯಬೇಕು. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುಯೋಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ 'ಲಿಬ್ರಾಟಸ್' ಎಂಬ ಕಾರ್ಯಕ್ರಮ ನಾಲ್ವರು ವೃತ್ತಿಪರ ಪೋಕರ್ ಆಟಗಾರರನ್ನು 20 ದಿನ, 1,20,000 ಬಾಜಿಗಳಲ್ಲಿ ಎದುರಿಸಿ ಸೋಲಿಸಿತು. 2019ರಲ್ಲಿ 'ಪ್ಲುರಿಬಸ್' ಎಂಬುದು ಆರು ಮಂದಿಯ ಪೋಕರ್‌ನಲ್ಲೂ ನುರಿತವರನ್ನು ಮೀರಿಸಿತು. ಎದುರಿನವನ ಕೈಯಲ್ಲಿ ಏನಿದೆಯೆಂದು ಕಾಣದ ಆಟದಲ್ಲೂ ಯಂತ್ರ ಮನುಷ್ಯನನ್ನು ಗೆಲ್ಲಬಲ್ಲದು ಎಂದಾಯಿತು.

ಹಾಗಿದ್ದರೆ ವೀಡಿಯೊ ಆಟದ ಎದುರಾಳಿ ನಮ್ಮಿಂದ ಏಕೆ ಸೋಲುತ್ತಾನೆ? ನಾವು ಗೆಲ್ಲಲು ಸಾಧ್ಯವಾಗಲಿ ಎಂದು ಅವನನ್ನು ಹಾಗೆ ಮಾಡಿಟ್ಟಿದ್ದಾರೆ, ಅದಕ್ಕೆ. ಕಾಣದ ಕೆಲವು ಮನುಷ್ಯರು ಎಷ್ಟು ಕಷ್ಟ ಕೊಟ್ಟರೆ ಇವನು ಬೇಸತ್ತು ಏಳುತ್ತಾನೆ, ಎಷ್ಟು ಸುಲಭ ಮಾಡಿದರೆ ಇವನಿಗೆ ಸಪ್ಪೆಯಾಗುತ್ತದೆ ಎಂದು ತೂಗಿ ನೋಡಿದ್ದಾರೆ. ಆಟದ ಕಷ್ಟವೆಂಬುದು ಅವರು ನಮಗಾಗಿ ಅಳೆದು ಇಟ್ಟ ಪಾಲು. ಮಗನಿಗೆ ಕುಸ್ತಿ ಕಲಿಸುವ ಅಪ್ಪ ತನ್ನ ಪೂರ್ತಿ ಬಲ ಹಾಕುವುದಿಲ್ಲ, ಸುಮ್ಮನೆ ಬಿದ್ದುಬಿಡುವುದೂ ಇಲ್ಲ. ಇದೂ ಹಾಗೆಯೇ. ಆ ಕಷ್ಟವನ್ನು ಕಳೆದುಬಿಟ್ಟರೆ ಉಳಿಯುವುದು ಬಣ್ಣದ ಚಿತ್ರಗಳು ಮಾತ್ರ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ರಮಝಾನಿನ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ರೋಜಾ ಹಿಡಿದವನೊಬ್ಬ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಪಕ್ಕದಲ್ಲಿ ನೀರಿನ ಹೂಜಿ. ಒಂದು ಲೋಟ ಕುಡಿದರೆ ಯಾವ ಮನುಷ್ಯನಿಗೂ ನಷ್ಟವಿಲ್ಲ. ಅಲ್ಲಾಹನಿಗೆ ಎಲ್ಲವೂ ತಿಳಿದಿದೆ, ಆದರೆ ಅವನಿಗೂ ನಷ್ಟವಿಲ್ಲ. ಆದರೂ ಆತ ಕುಡಿಯುವುದಿಲ್ಲ. ಕುಡಿದನೆಂದೇ ಇಟ್ಟುಕೊಳ್ಳಿ, ಸಂಜೆ ಎಲ್ಲರ ಜೊತೆ ಖರ್ಜೂರ ಹಿಡಿದು ಕೂರಬಹುದು, ಯಾರಿಗೂ ಗೊತ್ತಾಗದು. ಆದರೆ ಅವನು ಬಿಡುತ್ತಿರುವುದು ಯಾವ ರೋಜಾ? ಬಿಡಲಿಕ್ಕೆ ಅವನ ಬಳಿ ಏನೂ ಇಲ್ಲ.

ಆಟವನ್ನು ಇಬಾದತ್ತಿನೊಂದಿಗೆ ಹೋಲಿಸಿ ಸಮ ಮಾಡುವುದು ನಮ್ಮ ಉದ್ದೇಶವಲ್ಲ. ಹೇಳಬೇಕಾದದ್ದು ಇಷ್ಟೇ: ಕೆಲವು ಕೆಲಸಗಳ ಬೆಲೆ ಪೂರ್ತಿಯಾಗಿ ಅವುಗಳ ನಿಯಮದಲ್ಲೇ ಇದೆ. ನಿಯಮ ಮುರಿದರೆ ಬೇರೆಯವರ ಹಕ್ಕು ಹೋಗುವುದಿಲ್ಲ, ಆ ಕೆಲಸವೇ ಇಲ್ಲವಾಗುತ್ತದೆ. ಹತ್ತು ಸೋಲುಗಳನ್ನು ಅಳಿಸಿ ಪಡೆದ ಎಲೆ ಎಲೆಯೇ ಹೌದು, ಆದರೆ ಗೆಲುವಲ್ಲ. ಇಮಾಮ್ ಬುಖಾರಿಯವರ ಸಂಗ್ರಹ ನಿಯ್ಯತ್ತಿನ ಹದೀಸಿನಿಂದಲೇ ಆರಂಭವಾಗುವುದನ್ನು ನೆನಪಿಡಬೇಕು. ಗೆಲ್ಲಬೇಕು ಎಂಬ ನಿಯ್ಯತ್ತಿನಿಂದ ಕುಳಿತವನು ಗೆದ್ದವನಂತೆ ಕಾಣುವುದರಲ್ಲಿ ತೃಪ್ತನಾದರೆ ಅವನ ನಿಯ್ಯತ್ತು ನಡುದಾರಿಯಲ್ಲೇ ಬದಲಾಯಿತು. ವಂಚಿತನಾದವನು ಯಾರು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಹಿರಿಯರು ಆಟಗಳಲ್ಲಿ ತತ್ವವನ್ನು ಕಾಣದವರಲ್ಲ. ಹತ್ತನೆಯ ಶತಮಾನದ ಇತಿಹಾಸಕಾರ ಅಲ್ ಮಸೂದಿ ಒಂದು ವಿಚಾರವನ್ನು ದಾಖಲಿಸಿದ್ದಾರೆ. ಅದರ ಪ್ರಕಾರ ಶತ್ರಂಜ್ ಮನುಷ್ಯನ ಸ್ವತಂತ್ರ ಇಚ್ಛೆಯನ್ನು ತೋರಿಸುತ್ತದೆ. ದಾಳ ಉರುಳಿಸಿ ಆಡುವ ನರ್ದ್ ವಿಧಿಯ ಕೈಯಲ್ಲಿ ಅವನು ಕಟ್ಟಿಹೋಗಿರುವುದನ್ನು. ಎಲೆಯಾಟ ಇವೆರಡರ ನಡುವೆ ನಿಲ್ಲುತ್ತದೆ. ಬಂದ ಎಲೆ ತಕ್ದೀರ್, ಅದನ್ನು ಎಲ್ಲಿಡಬೇಕೆಂಬುದು ನಮ್ಮ ಇಖ್ತಿಯಾರ್. ಒಳ್ಳೆಯ ಎಲೆಗಳು ಬರುವವರೆಗೆ ಆಟವನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗುವವನು ತಕ್ದೀರನ್ನು ಗೆದ್ದೆನೆಂದು ಭಾವಿಸುತ್ತಾನೆ. ನಿಜದಲ್ಲಿ ಅವನು ಇಖ್ತಿಯಾರನ್ನು ಬಿಟ್ಟುಕೊಟ್ಟಿರುತ್ತಾನೆ. ಕೆಟ್ಟ ಎಲೆಗಳನ್ನು ಇಟ್ಟುಕೊಂಡು ಹೇಗೆ ಆಡಬೇಕು ಎಂಬ ಯೋಚನೆಯೇ ಅವನಿಗೆ ಬೇಕಿಲ್ಲ.

ಆ ಯೋಚನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇನ್ನೊಂದು ಆಟವಿದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ತಂದ 'ದಿ ವಿಚರ್ 3' ಆಟದೊಳಗೆ 'ಗ್ವೆಂಟ್' ಎಂಬ ಎಲೆಯಾಟ ಬರುತ್ತದೆ. ಮೂರು ಸುತ್ತುಗಳಲ್ಲಿ ಎರಡನ್ನು ಗೆಲ್ಲಬೇಕು. ಆದರೆ ಮೂರೂ ಸುತ್ತಿಗೆ ಸೇರಿ ಸಿಗುವುದು 10 ಎಲೆ ಮಾತ್ರ. ಸುತ್ತು ಮುಗಿಯಿತೆಂದು ಸಾಮಾನ್ಯವಾಗಿ ಹೊಸ ಎಲೆ ಬರುವುದಿಲ್ಲ. ಎಳಸು ಆಟಗಾರ ಮೊದಲ ಸುತ್ತಿನಲ್ಲೇ ಕೈ ಖಾಲಿ ಮಾಡಿಕೊಂಡು ಗೆಲ್ಲುತ್ತಾನೆ, ಉಳಿದೆರಡರಲ್ಲಿ ಕೈಕಟ್ಟಿ ಕೂರುತ್ತಾನೆ. ನುರಿತವನು ಎದುರಾಳಿಯನ್ನು ಖರ್ಚು ಮಾಡಲು ಬಿಟ್ಟು, ಸಾಕು ಎಂದು ಹಿಂದೆ ಸರಿದು, ಆ ಸುತ್ತನ್ನು ಸೋಲುತ್ತಾನೆ. ಇನ್ನೂ ವಿಚಿತ್ರವಾದದ್ದು ಗೂಢಚಾರನ ಎಲೆ. ಅದನ್ನು ಎದುರಾಳಿಯ ಪಾಳೆಯದಲ್ಲೇ ಇಡಬೇಕು. ಅದರ ಬಲ ಅವನ ಲೆಕ್ಕಕ್ಕೆ ಸೇರುತ್ತದೆ. ಪ್ರತಿಯಾಗಿ ನಮಗೆ ಎರಡು ಹೊಸ ಎಲೆಗಳು. ಕೊಟ್ಟು ಪಡೆಯುವುದು, ಸೋತು ಉಳಿಯುವುದು, ಆಡದೆ ನಿಲ್ಲುವುದು ಇವೆಲ್ಲ ಇಲ್ಲಿ ನಡೆಗಳೇ. ಸಬ್ರ್ ಎಂದರೆ ಕೈಲಾಗದೆ ಸುಮ್ಮನಿರುವುದು ಎಂದು ತಿಳಿದವರು ಈ ಆಟವನ್ನು ನೋಡಬೇಕು. ಸೋಲನ್ನು ಸಹಿಸದವನಿಗೆ ಇದರ ಒಳಗುಟ್ಟು ಎಂದೂ ತೆರೆಯುವುದಿಲ್ಲ.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಗೆದ್ದವನು ಸೋತವನ ಎಲೆ ಒಯ್ಯುವುದು ಜೂಜಲ್ಲವೇ? ಕುರ್‌ಆನಿನ ಸೂರಃ ಅಲ್ ಮಾಇದಃದ 90 ಮತ್ತು 91ನೇ ಆಯತ್‌ಗಳು ಮೈಸಿರ್ ಅಂದರೆ ಜೂಜನ್ನು ನಿಷೇಧಿಸಿ, ಅದು ಜನರ ನಡುವೆ ಹಗೆ ಬಿತ್ತುತ್ತದೆ, ನಮಾಝಿನಿಂದ ತಡೆಯುತ್ತದೆ ಎಂಬ ಕಾರಣಗಳನ್ನು ಕೊಡುತ್ತವೆ. ಯಂತ್ರದೊಡನೆ ಆಡುವ ಈ ಆಟದಲ್ಲಿ ಹಣವಿಲ್ಲ, ಹಗೆ ಸಾಧಿಸಲು ಇನ್ನೊಬ್ಬ ಮನುಷ್ಯನೂ ಇಲ್ಲ. ಪಣವಿಲ್ಲದ ಆಟಗಳ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಎರಡನೆಯ ಕಾರಣ ಇಲ್ಲಿಯೂ ಹಾಗೆಯೇ ನಿಂತಿದೆ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿತು. ಕಾಯ್ದೆ ಜೇಬಿನಿಂದ ಹೋಗುವುದನ್ನು ಲೆಕ್ಕ ಹಾಕಬಲ್ಲದು. ಆಯುಸ್ಸಿನಿಂದ ಹೋಗುವುದರ ಲೆಕ್ಕ ಆಡುವವನದೇ. ಸೋಲನ್ನು ಅಳಿಸುವ ಚಟ ಹತ್ತಿದವನು ಒಂದು ಬಾಜಿಯನ್ನು ಹನ್ನೊಂದು ಸಲ ಆಡುತ್ತಾನೆಂಬುದನ್ನು ಮರೆಯಬಾರದು.

ಇದಕ್ಕಿಂತ ಆಳದ ಅಪಾಯ ಇನ್ನೊಂದಿದೆ. ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುವುದು ಎಂದೊಡನೆ ನಮಗೆ ತೌಬಾ ನೆನಪಾಗುತ್ತದೆ. ಎರಡೂ ಒಂದೇ ಎಂಬ ಭ್ರಮೆ ಎಳೆಯರಲ್ಲಿ ಸುಲಭವಾಗಿ ಬೆಳೆಯಬಹುದು. ನಿಜದಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧ. ತೌಬಾಕ್ಕೆ ಉಲಮಾಗಳು ಹೇಳಿದ ಷರತ್ತುಗಳೆಂದರೆ ತಪ್ಪನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ಇನ್ನೊಬ್ಬರ ಹಕ್ಕು ಕಸಿದಿದ್ದರೆ ಅದನ್ನು ಮರಳಿಸಬೇಕು. ಇವುಗಳಲ್ಲಿ ಒಂದಾದರೂ ನಡೆದದ್ದನ್ನು ನಡೆದಿಲ್ಲ ಎನ್ನುವುದಿಲ್ಲ. ನಡೆಯಿತು, ಮಾಡಿದ್ದು ನಾನೇ ಎಂದು ಒಪ್ಪಿದ ಮೇಲಷ್ಟೇ ತೌಬಾದ ಬಾಗಿಲು. ಗುಂಡಿ ಒತ್ತಿ ಹಿಂದಿನ ಗಳಿಗೆಗೆ ಮರಳುವವನು ನಡೆದದ್ದರ ಗುರುತನ್ನೇ ಒರೆಸಿಹಾಕುತ್ತಾನೆ. ಅಲ್ಲಿ ಮರುಕಕ್ಕೆ ಜಾಗವಿಲ್ಲ, ಕಲಿಯುವುದಕ್ಕೂ ಇಲ್ಲ. ಪರೀಕ್ಷೆಯಲ್ಲಿ ನಪಾಸಾದಾಗ, ವ್ಯಾಪಾರ ಮುಳುಗಿದಾಗ, ನಿಕಾಹ್‌ನ ಮಾತುಕತೆ ಮುರಿದುಬಿದ್ದಾಗ ಒತ್ತಲು ಯಾವ ಗುಂಡಿಯೂ ಇಲ್ಲ. ಸೋತ ಮಾರನೆಯ ಬೆಳಿಗ್ಗೆ ಎದ್ದು ಮುಖ ತೊಳೆದು ಹೊರಡುವುದು ಒಂದು ವಿದ್ಯೆ. ಅದನ್ನು ಸಣ್ಣ ಸೋಲುಗಳಲ್ಲಿ ಕಲಿಯದವನಿಗೆ ದೊಡ್ಡ ಸೋಲಿನಲ್ಲಿ ಅದು ಹೇಗೆ ಬಂದೀತು?

ಹಾಗೆಂದು ಇದನ್ನು ಕಟ್ಟುನಿಟ್ಟಿನ ಕಾನೂನು ಮಾಡಬೇಕಾಗಿಲ್ಲ. ಕರೆಂಟು ಹೋಗಿ ಆಟ ನಿಂತವನು ಸೇವ್ ಮಾಡಿದ ಜಾಗಕ್ಕೆ ಮರಳುವುದು ಬೇರೆ. ಈಗಷ್ಟೇ ಕಲಿಯುತ್ತಿರುವ ಮಗು ಅದೇ ಬಾಜಿಯನ್ನು ಮತ್ತೆ ಮತ್ತೆ ಆಡಿ ತನ್ನ ನಡೆ ಎಲ್ಲಿ ತಪ್ಪಿತೆಂದು ಹುಡುಕುವುದೂ ಬೇರೆ; ಅದು ಅಭ್ಯಾಸ. ಬೆರಳು ಸರಿಯಾಗಿ ಆಡದವನಿಗೆ, ದಿನಕ್ಕೆ ಕಾಲು ಗಂಟೆಯ ಬಿಡುವಷ್ಟೇ ಇರುವವನಿಗೆ ಸುಲಭದ ದಾರಿ ಬೇಕಾದೀತು. ಕೇಳಿಕೊಳ್ಳಬೇಕಾದ್ದು ಒಂದೇ ಮಾತು: ಹಿಂದಕ್ಕೆ ಹೋದದ್ದು ಕಲಿಯಲಿಕ್ಕೋ, ಮರೆಯಲಿಕ್ಕೋ?

ಟ್ರಿಪಲ್ ಟ್ರಯಡ್‌ನ ಇನ್ನೊಂದು ವಿಶೇಷವನ್ನು ಹೇಳದೆ ಮುಗಿಸಲಾಗದು. ಅಲ್ಲಿ ನಿಯಮಗಳು ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹರಡುತ್ತವೆ. ಹರಡುವವನು ಊರೂರು ತಿರುಗುವ ಆಟಗಾರನೇ. ಒಂದು ಕಡೆ ರ್‍ಯಾಂಡಮ್ ನಿಯಮದಲ್ಲಿ ಆಡಿ ಬಂದು ಇನ್ನೊಂದು ಕಡೆ ಬಾಜಿಗೆ ಕುಳಿತರೆ, ಎರಡೂ ಕಡೆಯ ನಿಯಮ ಸೇರಿಸಿ ಆಡೋಣವೇ ಎಂಬ ಪ್ರಶ್ನೆ ಬರುತ್ತದೆ. ಯೋಚಿಸದೆ ಹೂಂ ಎಂದವನು, ಅಲ್ಲಿಯವರೆಗೆ ನೆಮ್ಮದಿಯಾಗಿದ್ದ ಊರಿಗೆ ಕೆಟ್ಟ ನಿಯಮವೊಂದನ್ನು ತಂದು ಬಿಟ್ಟುಹೋಗಬಹುದು. ಅವನು ಒಂದು ಬಾಜಿಯನ್ನು ಹಿಂದಕ್ಕೆ ತಿರುಗಿಸಬಲ್ಲ, ಆದರೆ ಊರಿಗೆ ಅಂಟಿದ ನಿಯಮವನ್ನು ಬಿಡಿಸಲು ಬಹಳ ಬೆವರು ಸುರಿಸಬೇಕು. ಅಭ್ಯಾಸಗಳೂ ಹೀಗೆಯೇ ನಮ್ಮ ಬೆನ್ನ ಹಿಂದೆ ಬರುತ್ತವೆ. ಯಾರಿಗೂ ನಷ್ಟವಿಲ್ಲದ ಕಡೆ ಕಲಿತದ್ದು, ನಷ್ಟವಾಗುವ ಕಡೆಯೂ ನಮ್ಮ ಜೊತೆಗೇ ಬಂದು ಕೂರುತ್ತದೆ.

ಆದ್ದರಿಂದ ಮನೆಯಲ್ಲಿ ಆಟದ ಮುಂದೆ ಕುಳಿತ ಮಗುವನ್ನು ಗದರುವ ಮೊದಲು ಒಂದು ಸಲ ಪಕ್ಕದಲ್ಲಿ ಕುಳಿತು ನೋಡೋಣ. ಒಳ್ಳೆಯ ಎಲೆಯೊಂದನ್ನು ಅದು ಕಳೆದುಕೊಂಡಿದ್ದರೆ, ಇವತ್ತಿಗೆ ಹಾಗೇ ಇರಲಿ, ನಾಳೆ ಆಡಿ ಗೆದ್ದುಕೋ ಎಂದು ಹೇಳೋಣ. ಆ ಒಂದು ರಾತ್ರಿಯನ್ನು ಮಗು ಸೋಲಿನೊಡನೆ ಕಳೆಯಲಿ. ಜೊತೆಗೆ ನಾವಿದ್ದರೆ ಸಾಕು.