ಎಳ್ಳಿನ ಎಣ್ಣೆ, ಲೇತಿನ ಬಿಸಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಯಾವ ಶೆಡ್ಡಿಗೆ ಹೊಕ್ಕರೂ ಒಂದಾದರೂ ಲೇತ್ ತಿರುಗುತ್ತಿರುತ್ತದೆ. ಟೂಲು ಜಾಬನ್ನು ಕೆರೆದಂತೆಲ್ಲ ಸುರುಳಿ ಸುರುಳಿ ಚಿಪ್ಸ್ ಟ್ರೇಗೆ ಬೀಳುತ್ತವೆ, ಮೇಲಿಂದ ಹಾಲುಬಣ್ಣದ ಕೂಲೆಂಟ್ ಸುರಿಯುತ್ತಲೇ ಇರುತ್ತದೆ. "ಕೈ ಇಡಬೇಡಿ ಸಾರ್, ಸುಟ್ಟುಹೋಗತ್ತೆ" ಎಂದು ಆಪರೇಟರ್ ಎಚ್ಚರಿಸುತ್ತಾರೆ. ಪಕ್ಕದ ರ್‍ಯಾಕಿನಲ್ಲಿ ಅದೇ ಕಬ್ಬಿಣದ ಸರಳು ತಣ್ಣಗೆ ಮಲಗಿದೆ. ಹಾಗಾದರೆ ಚಿಪ್ಸಿನ ಬಿಸಿ ಎಲ್ಲಿತ್ತು? ಕಬ್ಬಿಣದೊಳಗೇ ಅಡಗಿದ್ದು ಈಗ ಹೊರಬಂತೆ? ಇಲ್ಲದಿದ್ದದ್ದು ಹೊಸದಾಗಿ ಹುಟ್ಟಿತೆ?

1953ರಲ್ಲಿ ಜಾಲಹಳ್ಳಿಗೆ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಬಂದಾಗಿನಿಂದ ಈ ಸೀಮೆಗೆ ಲೇತ್ ಪರಿಚಿತ. ಪ್ರಶ್ನೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಕಾರಣದಿಂದ ಕಾರ್ಯ ಹುಟ್ಟುವಾಗ ನಿಜಕ್ಕೂ ಏನಾಗುತ್ತದೆ ಎಂಬುದರ ಮೇಲೆ ನಮ್ಮ ದರ್ಶನಕಾರರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಸಾಂಖ್ಯರದು ಸತ್ಕಾರ್ಯವಾದ: ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಇರುತ್ತದೆ, ಹುಟ್ಟು ಎಂದರೆ ಬಚ್ಚಿಟ್ಟುಕೊಂಡದ್ದು ಬಯಲಾಗುವುದು ಅಷ್ಟೆ. ನ್ಯಾಯ ವೈಶೇಷಿಕರದು ಅಸತ್ಕಾರ್ಯವಾದ: ಕಾರ್ಯವು ಮೊದಲು ಇರಲಿಲ್ಲ, ಈಗ ಹೊಸದಾಗಿ ಆರಂಭವಾಯಿತು.

ಈಶ್ವರಕೃಷ್ಣನ ಸಾಂಖ್ಯಕಾರಿಕೆ ತನ್ನ ಪಕ್ಷಕ್ಕೆ ಐದು ಹೇತುಗಳನ್ನು ಒಂಬತ್ತನೆಯ ಕಾರಿಕೆಯೊಂದರಲ್ಲೇ ತುರುಕಿಬಿಡುತ್ತದೆ. ಅವುಗಳಲ್ಲಿ ಮೂರು ನಮಗೆ ಬೇಕಾದವು. ಇಲ್ಲದ್ದನ್ನು ಯಾರೂ ಉಂಟುಮಾಡಲಾರರು. ಎಣ್ಣೆ ಬೇಕಾದವನು ಎಳ್ಳನ್ನೇ ತರುತ್ತಾನೆ, ಮರಳನ್ನು ತಂದು ಗಾಣಕ್ಕೆ ಹಾಕುವುದಿಲ್ಲ. ಮೊದಲಿಲ್ಲದ್ದೂ ಹುಟ್ಟಬಹುದಾಗಿದ್ದರೆ ಯಾವುದರಿಂದ ಬೇಕಾದರೂ ಯಾವುದು ಬೇಕಾದರೂ ಹುಟ್ಟಬೇಕಿತ್ತು, ಹಾಗೆ ಆಗುವುದನ್ನು ಯಾರೂ ಕಂಡಿಲ್ಲ.

ನೈಯಾಯಿಕರು ಸುಮ್ಮನಿರುವವರಲ್ಲ. ಮಡಕೆ ಮಣ್ಣಿನಲ್ಲಿ ಆಗಲೇ ಇದ್ದರೆ ಕುಂಬಾರನಿಗೇಕೆ ಕೂಲಿ? ಮಣ್ಣಿನ ಮುದ್ದೆಯಲ್ಲೇ ನೀರು ತರಬಹುದಲ್ಲ? ಸಾಂಖ್ಯರ ಉತ್ತರ: ಮಡಕೆ ಇತ್ತು, ಅಭಿವ್ಯಕ್ತವಾಗಿರಲಿಲ್ಲ, ಕುಂಬಾರ ಮಾಡಿದ್ದು ಅಭಿವ್ಯಕ್ತಿಯನ್ನು. ಆಗ ನೈಯಾಯಿಕರು ಬೀಸುವ ಉರುಳು ನನಗೆ ಈ ಇಡೀ ವಾದದಲ್ಲಿ ಅತ್ಯಂತ ಇಷ್ಟವಾದದ್ದು. ಆ ಅಭಿವ್ಯಕ್ತಿ ಮೊದಲೇ ಇತ್ತೋ, ಇಲ್ಲವೋ? ಇರಲಿಲ್ಲ ಎಂದರೆ ಇಲ್ಲದ್ದು ಹುಟ್ಟಿತೆಂದು ನೀವೇ ಒಪ್ಪಿದಿರಿ. ಇತ್ತು ಎಂದರೆ ಅದನ್ನು ಬಯಲು ಮಾಡಲು ಇನ್ನೊಂದು ಅಭಿವ್ಯಕ್ತಿ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ.

ಈಗ ಲೇತಿಗೆ ಬರೋಣ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹೆಚ್ಚಿನ ವಿದ್ವಾಂಸರು, ತಮಗೇ ತಿಳಿಯದಂತೆ, ಒರಟು ಬಗೆಯ ಸತ್ಕಾರ್ಯವಾದಿಗಳಾಗಿದ್ದರು. ಬಿಸಿ ಎನ್ನುವುದು ಕ್ಯಾಲೊರಿಕ್ ಎಂಬ ಸೂಕ್ಷ್ಮ ದ್ರವ, ಅದು ಲೋಹದಲ್ಲಿ ಅಡಗಿದೆ, ಕೊರೆದಾಗ ಹಿಂಡಿದಂತಾಗಿ ಹೊರಬರುತ್ತದೆ ಎಂದು ಅವರು ನಂಬಿದ್ದರು. ಇದನ್ನು ಅಲ್ಲಾಡಿಸಿದ್ದು ಮ್ಯೂನಿಕ್ಕಿನ ಫಿರಂಗಿ ಕಾರ್ಖಾನೆ. ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಂಫರ್ಡ್ ಮೊಂಡ ಡ್ರಿಲ್ಲೊಂದನ್ನು ಬೇಕೆಂದೇ ಆರಿಸಿ, ಕುದುರೆಗಳಿಂದ ಯಂತ್ರ ತಿರುಗಿಸಿ, ಕೊರೆಯುವ ಜಾಗವನ್ನು ನೀರಿನ ಪೆಟ್ಟಿಗೆಯಲ್ಲಿ ಮುಳುಗಿಸಿದ. ಎರಡೂವರೆ ಗಂಟೆಗೆ ನೀರು ಕುದಿಯಿತು. ಕೆಳಗೆ ಬೆಂಕಿಯೇ ಇಲ್ಲದೆ ಅಷ್ಟೊಂದು ತಣ್ಣೀರು ಕುದ್ದದ್ದನ್ನು ಕಂಡು ಸುತ್ತ ನಿಂತವರು ಬೆರಗಾದರಂತೆ. 1798ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟ ಪ್ರಬಂಧದಲ್ಲಿ ಅವನ ತರ್ಕ ಇಷ್ಟು: ಕುದುರೆ ತಿರುಗಿದಷ್ಟು ಹೊತ್ತೂ ಬಿಸಿ ಬರುತ್ತಲೇ ಇದೆ, ಎಂದಿಗೂ ಬರಿದಾಗದ ಒಂದು ವಸ್ತು ಲೋಹದೊಳಗೆ ತುಂಬಿಟ್ಟ ದಾಸ್ತಾನಾಗಿರಲು ಸಾಧ್ಯವಿಲ್ಲ.

ಎಳ್ಳನ್ನು ಒಮ್ಮೆ ಹಿಂಡಿದರೆ ಎಣ್ಣೆ ಮುಗಿಯುತ್ತದೆ, ಫಿರಂಗಿಯ ಲೋಹದ ಬಿಸಿ ಮುಗಿಯಲಿಲ್ಲ. ಇಲ್ಲಿಗೆ ನೈಯಾಯಿಕರು ಗೆದ್ದರು ಎನ್ನಬೇಕು. ಬಿಸಿ ಹೊಸದು.

ಆದರೆ ಕುದುರೆಯ ಕಡೆ ಇನ್ನೂ ಯಾರೂ ನೋಡಿರಲಿಲ್ಲ. ಅದನ್ನು ನೋಡಿದವನು ಮ್ಯಾಂಚೆಸ್ಟರಿನ ಬಿಯರ್ ತಯಾರಕರ ಮನೆಯ ಹುಡುಗ ಜೇಮ್ಸ್ ಜೌಲ್. ತೂಕ ಕೆಳಗಿಳಿಯುತ್ತ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುವಂತೆ ಮಾಡಿ, ತೂಕ ಎಷ್ಟು ಇಳಿದರೆ ನೀರು ಎಷ್ಟು ಬಿಸಿಯಾಗುತ್ತದೆ ಎಂದು ಅವನು ಮತ್ತೆ ಮತ್ತೆ ಅಳೆದ. 1845ರ ಒಂದು ಪತ್ರದಲ್ಲಿ ಅವನು ಲೆಕ್ಕ ಕೊಟ್ಟ: ನೀರು 817 ಅಡಿ ಬಿದ್ದರೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಬೇಕು, 160 ಅಡಿಯ ನಯಾಗರದಲ್ಲಿ ಸುಮಾರು ಐದನೇ ಒಂದು ಡಿಗ್ರಿ. ಪಾಪ, ಅವನ ಲೆಕ್ಕದಲ್ಲಿ ಜೋಗ ಇರಲಿಲ್ಲ. ನಮ್ಮ ಜೋಗದ ಎತ್ತರ 830 ಅಡಿ! ಅವನ ಒಂದು ಡಿಗ್ರಿಗೆ ಪ್ರಕೃತಿಯೇ ಅಳೆದು ಕೊಟ್ಟಂತಿದೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಜೋಗದ ಬುಡದ ನೀರು ಬಿದ್ದ ಕಾರಣಕ್ಕೇ ಸುಮಾರು 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಬೇಕು (ತುಂತುರು ಆವಿಯಾಗಿ ತಂಪು ಮಾಡುವುದರಿಂದ ಥರ್ಮಾಮೀಟರ್ ಹಿಡಿದು ಹೋದವರಿಗೆ ನಿರಾಶೆಯಾದೀತು). ಅದೇ ಎತ್ತರದಿಂದ ಅದೇ ನೀರು ಪೈಪಿನಲ್ಲಿಳಿದು ಟರ್ಬೈನ್ ತಿರುಗಿಸಿದರೆ, ನಷ್ಟವೇ ಇಲ್ಲವೆಂದುಕೊಂಡರೆ, ಸುಮಾರು 1,450 ಲೀಟರಿಗೆ ಒಂದು ಯೂನಿಟ್ ಕರೆಂಟ್. ಆ ಒಂದು ಯೂನಿಟ್ ಪೀಣ್ಯದ ಮೋಟರಿಗೆ ಹೋಗಿ ಸ್ಪಿಂಡಲ್ ತಿರುಗಿಸಿ ಕೂಲೆಂಟನ್ನು ಬಿಸಿ ಮಾಡುತ್ತದೆ. ಬೀಳುವಿಕೆ, ತಿರುಗುವಿಕೆ, ವಿದ್ಯುತ್ತು, ಬಿಸಿ ಎಂದು ರೂಪ ನಾಲ್ಕಾದರೂ ಜೌಲನ ಲೆಕ್ಕ ಒಂದೇ.

ಸಾಂಖ್ಯರು ಸೋತ ಜಾಗದಿಂದಲೇ ಮತ್ತೆ ಎದ್ದು ಬರುವುದು ಇಲ್ಲಿ. ಬಿಸಿಯ ರೂಪ ಹೊಸದು, ಬಿಸಿಯ ಮೊತ್ತ ಹೊಸದಲ್ಲ. ಕಾರಣದಲ್ಲಿ ಮೊದಲೇ ಇದ್ದದ್ದು ಕಾರ್ಯವಲ್ಲ, ಕಾರ್ಯದ ಪ್ರಮಾಣ. ಮಡಕೆ ಇತ್ತೋ ಇಲ್ಲವೋ ಎಂದು ಎರಡೂ ಕಡೆಯವರು ಜಗಳವಾಡಿದರು, ಎಷ್ಟಿತ್ತು ಎಂದು ಯಾರೂ ಕೇಳಲಿಲ್ಲ. ಶಕ್ತಿ ಸಂರಕ್ಷಣಾ ನಿಯಮ ಹುಟ್ಟಿದ್ದು ಆ ಕೇಳದೆ ಉಳಿದ ಪ್ರಶ್ನೆಯಲ್ಲಿ.

ಎಳ್ಳಿನ ಉಪಮೆ ಇನ್ನೊಂದು ಕಡೆಯೂ ಕಾಲು ಜಾರುತ್ತದೆ. ಎಳ್ಳೆಣ್ಣೆಗೆ ಎಳ್ಳಿನ ವಾಸನೆ ಇರುತ್ತದೆ, ಯಾವುದರಿಂದ ಬಂತೆಂದು ಮೂಗು ಹೇಳುತ್ತದೆ. ಕರೆಂಟಿಗೆ ಅಂಥ ಮೂಲದ ಗುರುತಿಲ್ಲ. ಮಧ್ಯಾಹ್ನ ಪೀಣ್ಯದ ಮೋಟರ್ ತಿರುಗಿಸುವ ಯೂನಿಟ್ಟಿನಲ್ಲಿ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಬಿಸಿಲೂ ಇರಬಹುದು, ರಾತ್ರಿಯದರಲ್ಲಿ ರಾಯಚೂರು ಶಕ್ತಿನಗರದ ಕಲ್ಲಿದ್ದಲು, ಕೈಗಾದ ಯುರೇನಿಯಂ, ಶರಾವತಿಯ ಮಳೆ. ಲೇತಿಗೆ ಯಾವ ಭೇದವೂ ತಿಳಿಯದು. ಯಾವುದರಿಂದ ಬೇಕಾದರೂ ಯಾವುದು ಬೇಕಾದರೂ ಹುಟ್ಟಲಾರದು ಎಂಬುದು ಸಾಂಖ್ಯರ ಹೆಮ್ಮೆಯ ಹೇತು. ಶಕ್ತಿಯ ವಿಷಯದಲ್ಲಿ ಅವರು ಆಗದೆಂದದ್ದೇ ಬಹುಮಟ್ಟಿಗೆ ಆಗುತ್ತದೆ: ಸೂರ್ಯನಿಂದಲೂ ಬಿಸಿ, ಕಲ್ಲಿನಿಂದಲೂ ಬಿಸಿ, ನೀರಿನಿಂದಲೂ ಬಿಸಿ. ಅವರ ಮೊದಲನೆಯ ಹೇತು ಉಳಿಯಿತು, ಎಳ್ಳು ಮರಳಿನ ಹೇತು ಉಳಿಯಲಿಲ್ಲ.

ಹಾಗಾದರೆ ಕೆಲಸ ಮಾಡದೆ ಸುಮ್ಮನೆ ಇರುವಾಗ ಶಕ್ತಿ ಎಲ್ಲಿರುತ್ತದೆ? 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು 1,819 ಅಡಿ ಮಟ್ಟಕ್ಕೆ ತುಂಬಿ ನಿಂತಿದೆ, ಗೇಟು ಮುಚ್ಚಿದೆ. ಪಠ್ಯಪುಸ್ತಕ ಇದನ್ನು ಪ್ರಚ್ಛನ್ನ ಶಕ್ತಿ ಎನ್ನುತ್ತದೆ. ಈ ಪರಿಕಲ್ಪನೆಗೆ ಹೆಸರಿಟ್ಟವನು ಸ್ಕಾಟ್ಲೆಂಡಿನ ರ್‍ಯಾಂಕಿನ್, 1853ರಲ್ಲಿ. ಇದಕ್ಕೂ ನಮ್ಮಲ್ಲಿ ಒಂದು ವಾದವಿದೆ. ಬೆಂಕಿ ಸುಡುತ್ತದೆ. ಆದರೆ ಒಂದು ಬಗೆಯ ಮಣಿಯನ್ನು ಹತ್ತಿರ ಇಟ್ಟರೆ ಅದೇ ಬೆಂಕಿ ಸುಡುವುದಿಲ್ಲವೆಂದು ಅಂದಿನವರ ನಂಬಿಕೆ. ಬೆಂಕಿ ಕಣ್ಣೆದುರು ಹಾಗೇ ಇದೆ, ಸುಡುವಿಕೆ ಇಲ್ಲ. ಆದ್ದರಿಂದ ಬೆಂಕಿಗಿಂತ ಬೇರೆಯಾದ ಶಕ್ತಿಯೆಂಬ ಪದಾರ್ಥವೊಂದು ಅದರೊಳಗಿದೆ, ಮಣಿ ತಡೆದದ್ದು ಅದನ್ನು, ಎಂದರು ಮೀಮಾಂಸಕರು. ನೈಯಾಯಿಕರು, ಮುಖ್ಯವಾಗಿ ನ್ಯಾಯಕುಸುಮಾಂಜಲಿ ಬರೆದ ಉದಯನ, ಇದನ್ನು ತಳ್ಳಿಹಾಕಿದರು. ಸುಡುವುದಕ್ಕೆ ಬೇಕಾದ ಕಾರಣಗಳ ಪಟ್ಟಿಯಲ್ಲಿ ಬೆಂಕಿಯ ಜೊತೆಗೆ ಅಡ್ಡಿ ಇಲ್ಲದಿರುವುದೂ ಒಂದು. ಪಟ್ಟಿ ಪೂರ್ತಿಯಾದರೆ ಕಾರ್ಯ, ಇಲ್ಲದಿದ್ದರೆ ಇಲ್ಲ. ನಡುವೆ ಕಣ್ಣಿಗೆ ಕಾಣದ ಶಕ್ತಿಯನ್ನು ತರುವ ಅಗತ್ಯವಿಲ್ಲ.

ಮಣಿಯ ಕಥೆ ಬಿಡಿ, ವಾದದ ಸಾಣೆ ನೋಡಿ. ಲಿಂಗನಮಕ್ಕಿಯ ಒಂದು ಬಿಂದಿಗೆ ನೀರನ್ನು ಎಷ್ಟೇ ಪರೀಕ್ಷಿಸಿದರೂ ಎತ್ತರದ ಗುರುತು ಅದರಲ್ಲಿ ಸಿಕ್ಕದು. ಕೆಳಗಿನ ಕಣಿವೆ, ಭೂಮಿಯ ಸೆಳೆತ, ಗೇಟು ತೆರೆಯುವುದು, ಇವೆಲ್ಲ ಕೂಡಿದ ವ್ಯವಸ್ಥೆಗೆ ಸೇರಿದ ಮೊತ್ತ ಅದು, ನೀರಿನ ಹೊಟ್ಟೆಯೊಳಗಿನ ಪದಾರ್ಥವಲ್ಲ. ಇಲ್ಲಿ ಉದಯನನ ಕೈ ಮೇಲು ಎಂದೇ ನನ್ನ ಅಭಿಪ್ರಾಯ. 1918ರಲ್ಲಿ ಎಮ್ಮಿ ನೋಟರ್ ಎಂಬ ಜರ್ಮನ್ ಗಣಿತಜ್ಞೆ ಇನ್ನೂ ಆಚೆ ಹೋದರು: ಪ್ರಕೃತಿಯ ನಿಯಮಗಳು ನಿನ್ನೆ ಇದ್ದಂತೆ ಇಂದೂ ಇವೆ ಎಂಬುದೊಂದನ್ನು ಒಪ್ಪಿದರೆ ಶಕ್ತಿ ಸಂರಕ್ಷಣೆ ಗಣಿತದಿಂದ ತಾನಾಗಿ ಹೊರಡುತ್ತದೆಂದು ತೋರಿಸಿದರು. ಉಳಿಯುವುದು ಒಂದು ದ್ರವ್ಯವಲ್ಲ, ಒಂದು ಸಂಖ್ಯೆ.

ಇದೆಲ್ಲ ಸಾಂಖ್ಯರಿಗೆ ಮೊದಲೇ ಗೊತ್ತಿತ್ತು ಎನ್ನುವವರು ಇದ್ದಾರೆ. ಅವರಲ್ಲಿ ಗಂಭೀರವಾಗಿ ಎಣಿಸಬೇಕಾದವರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದ ಬ್ರಜೇಂದ್ರನಾಥ ಸೀಲ್. ಪ್ರಾಚೀನ ಹಿಂದೂಗಳ ವಿಜ್ಞಾನಗಳನ್ನು ಕುರಿತ ಅವರ 1915ರ ಪುಸ್ತಕ ಸಾಂಖ್ಯದ ಮೂರು ಗುಣಗಳಲ್ಲಿ ಒಂದಾದ ರಜಸ್ಸನ್ನು ಶಕ್ತಿಯೆಂದು ಓದಿ, ಆ ಗುಣಗಳ ಪರಿಣಾಮದಲ್ಲಿ ಶಕ್ತಿಯ ಸಂರಕ್ಷಣೆ ಮತ್ತು ರೂಪಾಂತರ ಎರಡನ್ನೂ ಕಾಣುತ್ತದೆ. ಅವರ ಪಾಂಡಿತ್ಯ ದೊಡ್ಡದು, ಧೈರ್ಯವೂ ದೊಡ್ಡದು. ಆದರೂ ಆ ಓದು ನನಗೆ ಒಪ್ಪಿಗೆಯಾಗದು. ರಜಸ್ಸನ್ನು ಯಾರೂ ಅಳೆಯಲಿಲ್ಲ, ಅಳೆಯಬೇಕೆಂದೂ ಅನ್ನಿಸಲಿಲ್ಲ. ಅಳತೆಯಿಲ್ಲದ ಸಂರಕ್ಷಣೆ ಒಂದು ಒಳ್ಳೆಯ ಊಹೆ. ಅದನ್ನು ನಿಯಮ ಎನ್ನಲಾಗದು.

ಸಾಂಖ್ಯಕ್ಕೆ ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಪ್ರಳಯದಲ್ಲಿ ಕಾರ್ಯಗಳೆಲ್ಲ ಬಂದ ದಾರಿಯಲ್ಲೇ ಹಿಂದಿರುಗಿ ಮೂಲಪ್ರಕೃತಿಯಲ್ಲಿ ಲಯವಾಗುತ್ತವೆ ಎಂದು ಅದು ಹೇಳುತ್ತದೆ. ಪೀಣ್ಯದಲ್ಲಿ ಕರೆಂಟ್ ಹೋದಾಗ ಗುಡುಗುಟ್ಟುವ ಡಿಜಿ ಸೆಟ್ ಬೇರೆಯದನ್ನು ಹೇಳುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು ಹತ್ತು ಯೂನಿಟ್ಟಿನಷ್ಟು ಬಿಸಿ ಬರುತ್ತದೆ, ಕೈಗೆ ಸಿಕ್ಕುವ ಕರೆಂಟ್ ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್. ಉಳಿದದ್ದು ಹೊಗೆಯಲ್ಲಿ, ರೇಡಿಯೇಟರಿನ ಗಾಳಿಯಲ್ಲಿ ಹೋಯಿತು. ನಾಶವಾಗಲಿಲ್ಲ, ಮೊತ್ತ ಸರಿಯಾಗೇ ಇದೆ. ಆದರೆ ಆ ಗಾಳಿಯನ್ನು ಹಿಡಿದು ಮತ್ತೆ ಡೀಸೆಲ್ ಮಾಡಿ ತನ್ನಿ ನೋಡೋಣ. ಬಿಸಿ ತಾನಾಗಿ ತಣ್ಣನೆಯ ಕಡೆಗೇ ಹರಿಯುತ್ತದೆ, ವಾಪಸ್ ಬರುವುದಿಲ್ಲ. ಜರ್ಮನಿಯ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಕರೆದದ್ದು ಈ ಒಮ್ಮುಖದ ಅಳತೆಯನ್ನು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದು ಇನ್ನೂ ಸ್ವಚ್ಛವಾಗಿ ಕಾಣುತ್ತದೆ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಆರ್.ಕೆ. ಬಾಳಿಗ ಅವರು ಹೊಲಗಳ ನಡುವೆ ಕಟ್ಟಿದ ಈ ಪೇಟೆಯಲ್ಲಾಗಲಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಾಗಲಿ ಚಿಪ್ಸ್ ಬೀಳುವುದಿಲ್ಲ, ಎಣ್ಣೆಯ ವಾಸನೆಯಿಲ್ಲ. ಒಂದು ಸಾವಿರ ವಾಟ್ ಉಣ್ಣುವ ಸರ್ವರ್ ಹೊರಬಿಡುವುದೂ ಒಂದು ಸಾವಿರ ವಾಟ್ ಬಿಸಿಯನ್ನೇ. ಬರೆದ ಕೋಡಿನಲ್ಲಿ, ಲೆಕ್ಕ ಹಾಕಿದ ಸಂಬಳ ಪಟ್ಟಿಯಲ್ಲಿ ಹೇಳಿಕೊಳ್ಳುವಷ್ಟು ಶಕ್ತಿ ಏನೂ ಉಳಿಯುವುದಿಲ್ಲ. ಆ ಬಿಸಿಯನ್ನು ಹೊರದಬ್ಬಲು ಎಸಿ, ಎಸಿಗೆ ಮತ್ತೆ ಕರೆಂಟ್, ಆ ಕರೆಂಟೂ ಕೊನೆಗೆ ಬಿಸಿಯೇ. ಹೊರಗೆ 28 ಡಿಗ್ರಿ ಇರುವಾಗ ಎಸಿ ಉಗುಳುವ 40 ಡಿಗ್ರಿಯ ಗಾಳಿಯಿಂದ ಮತ್ತೆ ಕೆಲಸ ತೆಗೆಯುತ್ತೇನೆಂದು ಹೊರಟರೆ, ಎಷ್ಟೇ ಚತುರ ಯಂತ್ರಕ್ಕೂ ನೂರರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಸಿಕ್ಕದು. ಇದು ತಂತ್ರಜ್ಞಾನದ ಕೊರತೆಯಲ್ಲ, ನಿಯಮದ ಮಿತಿ.

ಈ ಎರಡು ವಾದಗಳನ್ನು ತಿಳಿಯಾಗಿ ಓದಬೇಕೆಂದರೆ ಮೈಸೂರಿನ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ರೂಪರೇಖೆಯನ್ನು ಬರೆದ 1932ರ ಪುಸ್ತಕ ಹಿಡಿಯಿರಿ. ಸಾಂಖ್ಯದ ಅಧ್ಯಾಯವನ್ನೂ ನ್ಯಾಯ ವೈಶೇಷಿಕದ ಅಧ್ಯಾಯವನ್ನೂ ಬೇರೆ ಬೇರೆ ದಿನ ಓದಬೇಡಿ, ಒಟ್ಟಿಗೆ ಇಟ್ಟುಕೊಂಡು ಓದಿ. ಇನ್ನು ಮೇಲೆ ಯಾರಾದರೂ ನಿಮ್ಮೆದುರು ಶಕ್ತಿಯ ನಿಯಮವನ್ನು ಸಾಂಖ್ಯದ ಮೂಲಪುರುಷ ಕಪಿಲ ಮಹರ್ಷಿಯೇ ಹೇಳಿದ್ದ ಎಂದರೆ ಜಗಳಕ್ಕೆ ಹೋಗದೆ ಎರಡು ಪ್ರಶ್ನೆ ಕೇಳಿ: ಎಷ್ಟು ಎಂದು ಹೇಳಿದ್ದನೆ? ವಾಪಸ್ ಬರುವುದಿಲ್ಲ ಎಂದು ಹೇಳಿದ್ದನೆ?