ತೋಟ ನೆಟ್ಟವರು ಯಾರು?



ಚಳಿಗಾಲ ಬಂತೆಂದರೆ ಹುಬ್ಬಳ್ಳಿ-ಧಾರವಾಡದಿಂದ ಮೈಸೂರಿಗೆ ಹೋದವರು ಲಲಿತಮಹಲಿನ ಹೂತೋಟದ ಫೋಟೊ ಕಳಿಸುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್‌ಗಾಗಿ ಕಟ್ಟಿಸಿದ ಆ ಅರಮನೆ 1974ರಿಂದ ಹೋಟೆಲ್. ತೋಟ ನೆಟ್ಟವರ ಪುಣ್ಯ ಹಗಲಿರುಳು ಬೆಳೆಯುತ್ತದೆ ಎನ್ನುತ್ತದೆ ಸಂಯುತ್ತ ನಿಕಾಯದ ವನರೋಪ ಸುತ್ತ. ಹಾಗಾದರೆ ಇದನ್ನು ನೆಟ್ಟವರು ಯಾರು? ದುಡ್ಡು ಕೊಟ್ಟ ಅರಸರೋ, ನಸುಕಿನ ಚಳಿಯಲ್ಲಿ ಪೈಪು ಹಿಡಿದು ಪಾತಿ ತೋಯಿಸುವ ಮಾಲಿಯೋ? ನನಗನಿಸುವುದು ಮಾಲಿಯೇ.

ಅದೇ ಸುತ್ತ ಅರವಟಿಗೆ, ಬಾವಿ ಕೊಟ್ಟವರನ್ನೂ ನೆನೆಯುತ್ತದೆ. ಕೊಡುವುದೆಂದರೇನು? ಮಹಾಡ್ ನಗರಸಭೆ 1924ರಲ್ಲೇ ಚವದಾರ್ ಕೆರೆಯನ್ನು ಠರಾವಿನಲ್ಲಿ ನಮ್ಮವರಿಗೆ ಕೊಟ್ಟಿತ್ತು. 1927ರಲ್ಲಿ ಬಾಬಾಸಾಹೇಬರು ಬೊಗಸೆಯೊಡ್ಡುವವರೆಗೆ ನೀರು ಬಾಯಿಗೆ ಬರಲಿಲ್ಲ.

ಆ ಹೋಟೆಲಿನ ಹುಲ್ಲಿನ ಮೇಲೆ ಮಾಲಿಯ ಮಕ್ಕಳು ಕೂತು ಬಿಸಿಲು ಕಾಯಿಸಬಹುದೇ? ಈ ಸಲ ಹೋದವರು ಕೇಳಿಕೊಂಡು ಬನ್ನಿ.